ಹಿಂಬದಿ ತಿರುಗಿಸಿ ನೋಡಿ

ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳು ಓಡುವುದಿಲ್ಲ. ಶಿವಾನಂದ ವೃತ್ತದ ಕಡೆಯಿಂದ ವಿಂಡ್ಸರ್ ಮ್ಯಾನರ್ ತನಕ ಎರಡೂ ಬದಿಗೆ ಚಿತ್ರಗಳು ನಿಂತಿರುತ್ತವೆ. ಕೆಲವು ಸ್ಟ್ಯಾಂಡಿನ ಮೇಲೆ, ಕೆಲವು ಕಾಂಪೌಂಡ್ ಗೋಡೆಗೆ ಒರಗಿ, ಕೆಲವು ಹಗ್ಗಕ್ಕೆ ನೇತುಬಿದ್ದು. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ ಚಿತ್ರಸಂತೆ ಇದು. ಪ್ರತಿ ಮನೆಯಲ್ಲೂ ಒಂದು ಕಲಾಕೃತಿ ಇರಲಿ ಎಂಬುದು ಅದರ ಆಶಯ. ದೇಶದ ನಾನಾ ರಾಜ್ಯಗಳಿಂದ ಸಾವಿರಕ್ಕೂ ಹೆಚ್ಚು ಕಲಾವಿದರು ಬರುತ್ತಾರೆ. ಮೈಸೂರು ಶೈಲಿ, ತಂಜಾವೂರು, ಮಧುಬನಿ, ಜಲವರ್ಣ, ತೈಲವರ್ಣ ಎಲ್ಲವೂ ಒಂದೇ ರಸ್ತೆಯಲ್ಲಿ ಸಿಗುತ್ತವೆ. ನೂರಿನ್ನೂರು ರೂಪಾಯಿಯ ಪುಟ್ಟ ಹಾಳೆಯೂ ಇರುತ್ತದೆ, ಲಕ್ಷ ದಾಟುವ ಕ್ಯಾನ್ವಾಸೂ ಇರುತ್ತದೆ. ಚಿತ್ರ ಬರೆದವರೇ ಪಕ್ಕದಲ್ಲಿ ನಿಂತಿರುತ್ತಾರೆ, ಕೊಟ್ಟ ದುಡ್ಡು ಅವರ ಕೈಗೇ ಹೋಗುತ್ತದೆ.

ಈ ಕೊನೆಯ ಮಾತೇ ಬಯಲು ಮೇಳಗಳ ಜೀವ. ಅಲ್ಲಿ ಮಾಡಿದವರು ಮತ್ತು ಕೊಳ್ಳುವವರು ಎದುರುಬದುರಾಗುತ್ತಾರೆ. ಅಂಗಡಿಯ ಗಾಜಿನ ಹಿಂದೆ ಕೂತ ವಸ್ತುವಿಗೆ ತನ್ನ ಬೆಲೆ ಯಾಕಿಷ್ಟು ಎಂದು ಹೇಳಿಕೊಳ್ಳಲು ಬಾಯಿಲ್ಲ. ಮೇಳದಲ್ಲಿ ಅದನ್ನು ಹೇಳಬಲ್ಲವರು ಪಕ್ಕದಲ್ಲೇ ಕೂತಿದ್ದಾರೆ. ಆದರೆ ವರ್ಷವಿಡೀ ಮಗ್ಗದ ಮುಂದೆಯೋ ಲೇತಿನ ಮುಂದೆಯೋ ತಲೆ ಬಗ್ಗಿಸಿ ದುಡಿದವರಿಗೆ, ಗುರುತಿಲ್ಲದ ಊರಿನ ಬೀದಿಯಲ್ಲಿ ತಲೆಯೆತ್ತಿ ‘ಬನ್ನಿ, ನೋಡಿ’ ಎನ್ನುವುದು ಸಲೀಸಾಗಿ ಬರುವುದಿಲ್ಲ. ಎಷ್ಟೋ ಜನ ಸುಮ್ಮನೆ ಕೂತಿರುತ್ತಾರೆ. ಜನ ಕೈಯಲ್ಲಿ ಎತ್ತಿ ನೋಡಿ, ಬೆಲೆ ಕೇಳಿ, ಇಟ್ಟು ಹೋಗುತ್ತಾರೆ. ಹಾಗಿದ್ದರೆ ಎಂಥ ಮಳಿಗೆಯ ಮುಂದೆ ಜನ ನಿಲ್ಲುತ್ತಾರೆ? ನಾನು ಮೇಳಗಳಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ: ಕೈ ಆಡುತ್ತಿರುವ ಮಳಿಗೆಯ ಮುಂದೆ. ಚಿತ್ರಸಂತೆಯಲ್ಲೂ ಅಷ್ಟೆ. ಸ್ಥಳದಲ್ಲೇ ಮುಖ ನೋಡಿ ಭಾವಚಿತ್ರ ಬರೆದುಕೊಡುವವರ ಸುತ್ತ ಸದಾ ಗುಂಪು.

ಬಿದರಿ ಕೆಲಸದವರು ಮೇಳದಲ್ಲಿ ಉಳಿ ಹಿಡಿದು ಕೂತಾಗ ಏನಾಗುತ್ತದೆ ನೋಡಿ. ಹೆಚ್ಚಿನ ಪಾಲು ಸತು, ಅದಕ್ಕೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ ಮೊದಲಿಗೆ ಬೂದು ಬಣ್ಣಕ್ಕಿರುತ್ತದೆ. ಮೈಲುತುತ್ತದ ನೀರು ಸವರಿದರೆ ಅದರ ಮೈ ಸದ್ಯಕ್ಕೆ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಉಕ್ಕಿನ ಮೊನೆಯಿಂದ ಬಳ್ಳಿ, ಎಲೆ, ಹೂವು ಗೀರುತ್ತಾರೆ. ಪಳಗಿದ ಕೈ ನಕ್ಷೆಯ ಹಾಳೆ ಇಟ್ಟುಕೊಳ್ಳದೆ ನೇರವಾಗಿ ಗೆರೆ ಎಳೆಯುತ್ತದೆ. ಆಮೇಲೆ ಸಣ್ಣ ಉಳಿಯಿಂದ ಗೆರೆಯನ್ನು ಕೊರೆದು, ಆ ಕೊರಕಲಿಗೆ ಬೆಳ್ಳಿಯ ತಂತಿಯನ್ನೋ ತಗಡಿನ ಚೂರನ್ನೋ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಉಜ್ಜಿ ನಯ ಮಾಡಿದ ಮೇಲೆ ಬೆಳ್ಳಿಯೂ ಸತುವೂ ಒಂದೇ ಬಣ್ಣಕ್ಕೆ ಬಂದು, ಇಷ್ಟು ಹೊತ್ತು ಪಟ್ಟ ಪಾಡೆಲ್ಲ ಕಣ್ಣಿಗೆ ಕಾಣದಂತಾಗುತ್ತದೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿ ನೀರಿನಲ್ಲಿ ಕಲಸಿದ್ದನ್ನು ಬಿಸಿಯಾದ ಪಾತ್ರೆಗೆ ಹಚ್ಚುತ್ತಾರೆ. ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಹೂಬಳ್ಳಿ ಒಮ್ಮೆಗೇ ಎದ್ದು ಬರುತ್ತದೆ. ಇದನ್ನು ಕಣ್ಣಾರೆ ಕಂಡವರು ‘ಇಷ್ಟು ಚಿಕ್ಕ ಡಬ್ಬಿಗೆ ಇಷ್ಟು ದುಡ್ಡಾ’ ಎಂದು ಕೇಳುವುದು ಕಡಿಮೆ.

ಒಲೆ ಹಚ್ಚುವುದಕ್ಕೆ, ಮಣ್ಣು ಕಲಸುವುದಕ್ಕೆ ಎಲ್ಲ ಮೇಳದಲ್ಲೂ ಜಾಗ ಕೊಡುವುದಿಲ್ಲ. ಆಗಲೂ ದಾರಿಯಿದೆ. ಎರಕದಿಂದ ಈಗಷ್ಟೇ ಬಂದದ್ದು, ಗೀರಿದ್ದು, ಬೆಳ್ಳಿ ಕೂರಿಸಿದ್ದು, ಕಪ್ಪಾಗಿಸಿದ್ದು ಹೀಗೆ ಒಂದೇ ಬಗೆಯ ನಾಲ್ಕು ಡಬ್ಬಿಗಳನ್ನು ಸಾಲಾಗಿ ಇಟ್ಟರೆ ಸಾಕು, ಜನರೇ ಎತ್ತಿಕೊಂಡು ಪ್ರಶ್ನೆ ಕೇಳುತ್ತಾರೆ. ಮಾರಾಟಕ್ಕಿಲ್ಲದ ಆ ಅರೆಬರೆ ಡಬ್ಬಿಗಳು ಮಾರಾಟಕ್ಕಿರುವುದನ್ನು ಮಾರಿಕೊಡುತ್ತವೆ.

ಚನ್ನಪಟ್ಟಣದ ಆಟಿಕೆಯವರಿಗೆ ಈ ಅನುಕೂಲ ಇನ್ನೂ ಹೆಚ್ಚು. ಆಲೆ ಮರದ ತುಂಡನ್ನು ಲೇತಿನಲ್ಲಿ ತಿರುಗಿಸಿ ರೂಪ ಕೊಟ್ಟು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಅದರ ಮೇಲೆ ತಾಳೆಗರಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಮಕ್ಕಳಂತೂ ಅಲ್ಲಿಂದ ಕದಲುವುದಿಲ್ಲ. ಮಕ್ಕಳು ನಿಂತ ಮೇಲೆ ಅಪ್ಪ ಅಮ್ಮ ನಿಲ್ಲಲೇಬೇಕು. ಬುಗುರಿಯೊಂದು ಅವರ ಕಣ್ಣೆದುರೇ ತಯಾರಾಗಿ ಬೆಚ್ಚಗಿರುವಾಗಲೇ ಮಗುವಿನ ಕೈ ಸೇರಿದರೆ, ಅದರ ಬೆಲೆಯ ಬಗ್ಗೆ ಯಾರೂ ಚೌಕಾಸಿ ಮಾಡುವುದಿಲ್ಲ.

ಕಸೂತಿಯವರು ಮಾಡಬಹುದಾದದ್ದು ಇದಕ್ಕಿಂತ ಸರಳ. ಬಟ್ಟೆಯನ್ನು ತಿರುಗಿಸಿ ತೋರಿಸುವುದು. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿ ಮತ್ತು ಮುರ್ಗಿಯಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ, ಬಟ್ಟೆಯ ಮುಂಬದಿಗೂ ಹಿಂಬದಿಗೂ ವ್ಯತ್ಯಾಸ ಕಾಣುವಂತಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ಹೋದ ದಾರಿಯಲ್ಲೇ ಮರಳಿ ಬಂದು, ಬಿಟ್ಟ ಜಾಗವನ್ನು ತುಂಬಬೇಕು. ಒಂದೇ ಎಳೆ ತಪ್ಪಿದರೂ ನಕ್ಷೆಯ ಗೋಪುರ ವಾಲುತ್ತದೆ. ಕಂಪ್ಯೂಟರ್ ಮಷೀನಿನಲ್ಲಿ ಹಾಕಿದ ‘ಕಸೂತಿ’ ಸೀರೆ ಮುಂದಿನಿಂದ ಚೆನ್ನಾಗಿಯೇ ಕಾಣುತ್ತದೆ. ತಿರುಗಿಸಿದರೆ ಹಿಂದೆ ದಾರದ ಗೋಜಲು, ಅಂಟಿಸಿದ ಬಿಳಿ ಕಾಗದ. ಒಂದು ಮೇಳದಲ್ಲಿ ನಡುವಯಸ್ಸಿನ ಹೆಣ್ಣುಮಗಳೊಬ್ಬರು ಬಂದವರಿಗೆಲ್ಲ ಹೇಳುತ್ತಿದ್ದರು: “ಮೊದ್ಲ ತಿರುವಿ ನೋಡ್ರಿ ಅಕ್ಕಾರ, ಆಮ್ಯಾಲ ರೇಟ್ ಕೇಳ್ರಿ.” ಆ ಒಂದು ಮಾತಿಗಿಂತ ಒಳ್ಳೆಯ ಜಾಹೀರಾತನ್ನು ನಾನು ಯಾವ ಮೇಳದಲ್ಲೂ ಕಂಡಿಲ್ಲ.

ಕೊಳ್ಳುವವರು ಇಷ್ಟು ಕಲಿತರೆ ಅರ್ಧ ಕೆಲಸ ಆದಂತೆ. ಇಳಕಲ್ ಸೀರೆಯಾದರೆ ಒಡಲು ಮತ್ತು ಸೆರಗು ಕೂಡುವ ಜಾಗ ನೋಡಿ. ಎರಡು ಬೇರೆ ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸೇರಿಸಿರುತ್ತಾರೆ. ಅಚ್ಚಿನ ಬಟ್ಟೆಯಾದರೆ ಒಂದು ಅಚ್ಚು ಮುಗಿದು ಇನ್ನೊಂದು ಶುರುವಾಗುವ ಗಡಿ ಹುಡುಕಿ. ಕೈಯಿಂದ ಒತ್ತಿದ್ದಾದರೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಸಿಕ್ಕೇ ಸಿಗುತ್ತದೆ. ಕ್ಯಾನ್ವಾಸನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕುಂಚದ ಏರುತಗ್ಗು ಕಾಣುತ್ತದೆ. ಪ್ರಿಂಟ್ ತೆಗೆದದ್ದು ಚಪ್ಪಟೆಯಾಗಿರುತ್ತದೆ. ಬಿದರಿ, ಚನ್ನಪಟ್ಟಣದ ಆಟಿಕೆ, ಕಸೂತಿ, ಇಳಕಲ್ ಸೀರೆ, ಸಂಡೂರಿನ ಲಂಬಾಣಿ ಕಸೂತಿ, ಕಿನ್ನಾಳದ ಗೊಂಬೆ ಇವೆಲ್ಲಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದರೆ ಜನಜಂಗುಳಿಯ ಮಧ್ಯೆ ನಿಂತ ಗಿರಾಕಿಗೆ ಚೀಟಿಗಿಂತ ಕಣ್ಣೇ ಹೆಚ್ಚು ನೆರವಾಗುತ್ತದೆ.

ಇನ್ನು ಬೆಲೆಯ ಮಾತು. ಮಳಿಗೆ ಮುಂದೆ ನಿಂತು “ಲಾಸ್ಟ್ ರೇಟ್ ಎಷ್ಟು ಹೇಳಿ” ಎನ್ನುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಆ ಮಾತು ಎಲ್ಲಿಗೆ ಹೋಗಿ ತಟ್ಟುತ್ತದೆ ಎಂಬುದಕ್ಕೆ ಒಂದು ಉದಾಹರಣೆಯ ಲೆಕ್ಕ ಹಾಕೋಣ. ಲಂಬಾಣಿ ಹೆಣ್ಣುಮಗಳೊಬ್ಬರು ಕಸೂತಿ ಹಾಕಿದ ಒಂದು ಚೀಲ. ಬಟ್ಟೆ, ದಾರ, ಕನ್ನಡಿ ಚೂರು ಸೇರಿ 150 ರೂಪಾಯಿ. ಕೆಲಸ ಎರಡು ದಿನದ್ದು. ದಿನಕ್ಕೆ 500ರಂತೆ 1,000. ಬಸ್ಸು, ಲಗೇಜು, ಮಳಿಗೆಯ ಬಾಡಿಗೆ, ಊಟ, ವಸತಿ ಎಲ್ಲವನ್ನೂ ತಂದಿರುವ ಚೀಲಗಳ ಮೇಲೆ ಹಂಚಿದರೆ ಒಂದಕ್ಕೆ 200 ಎಂದಿಟ್ಟುಕೊಳ್ಳಿ. ಅಸಲೇ 1,350 ಆಯಿತು. ಆಕೆ 1,500 ಹೇಳಿದರೆ ಉಳಿಯುವುದು 150. ಗಿರಾಕಿ ಗಟ್ಟಿ ಹಿಡಿದು 1,000ಕ್ಕೆ ಇಳಿಸಿದರು ಎನ್ನಿ. ಬಟ್ಟೆ ಅಂಗಡಿಯವರು ತಮ್ಮ 150ನ್ನು ಬಿಡುವುದಿಲ್ಲ, ಬಸ್ಸಿನವರೂ ಮಳಿಗೆಯವರೂ ಬಿಡುವುದಿಲ್ಲ. ಆ 350 ಕಳೆದರೆ ಆಕೆಯ ಕೈಗೆ 650, ಅಂದರೆ ದಿನಕ್ಕೆ 325. ಕೊಂಡವರಿಗೆ ಸಿಕ್ಕ ರಿಯಾಯಿತಿಯಲ್ಲಿ ದೊಡ್ಡ ಪಾಲು ಆಕೆಯ ಕೂಲಿಯಿಂದ ಕಿತ್ತದ್ದು. ಮಳಿಗೆಯಲ್ಲಿ ಕೂತು ಕಳೆದ ದಿನಗಳಿಗೆ ನಾನು ಇಲ್ಲಿ ಒಂದು ಪೈಸೆಯನ್ನೂ ಹಿಡಿದಿಲ್ಲ. ಸೂಜಿ ಹಿಡಿಯಲು ಆಗದೆ ಹೋದ ದಿನಗಳು ಅವು.

ಹಾಗಾಗಿ ಬೆಲೆಯ ಚೀಟಿ ಬರೆದು ಅಂಟಿಸಿ ಎಂದು ನಾನು ಕರಕುಶಲಕರ್ಮಿಗಳಿಗೆ ಹೇಳುತ್ತೇನೆ. ಬರೆದ ಬೆಲೆಗೆ ಒಂದು ತೂಕ ಬರುತ್ತದೆ. ಬಾಯಲ್ಲಿ ಹೇಳುವ ಬೆಲೆ ಗಿರಾಕಿಯ ಬಟ್ಟೆ ನೋಡಿ ಹೇಳಿದ್ದೇನೋ ಎಂಬ ಅನುಮಾನ ಹುಟ್ಟಿಸುತ್ತದೆ, ಚೌಕಾಸಿ ಶುರುವಾಗುವುದೇ ಆ ಅನುಮಾನದಿಂದ. ಚೀಟಿಯಲ್ಲಿ ಬೆಲೆಯ ಜತೆಗೆ ‘ಎರಡು ದಿನದ ಕೆಲಸ’ ಎಂದೂ ಬರೆದರೆ ಇನ್ನೂ ಒಳ್ಳೆಯದು. ಬೆಲೆಗಳಲ್ಲಿ ಏರಿಳಿತವೂ ಇರಬೇಕು. ದೊಡ್ಡ ಗೋಡೆ ಹಾಸು ಜನರನ್ನು ನಿಲ್ಲಿಸುತ್ತದೆ. ಆದರೆ ನಿಂತವರಲ್ಲಿ ಹೆಚ್ಚಿನವರು ಕೊಳ್ಳುವುದು ಇನ್ನೂರು ರೂಪಾಯಿಯ ಕೀ ಚೈನು, ಕಿವಿಯೋಲೆ, ಪುಸ್ತಕದ ಗುರುತುಪಟ್ಟಿ. ಬೆಳಗಿನ ಬೋಣಿ ಸಾಮಾನ್ಯವಾಗಿ ಇಂಥ ಚಿಕ್ಕ ಸಾಮಾನಿನಿಂದಲೇ ಆಗುತ್ತದೆ. ಹೋಗಿ ಬರುವ ಖರ್ಚನ್ನು ಚಿಕ್ಕವು ಹೊರುತ್ತವೆ, ದೊಡ್ಡದೊಂದು ಹೋದರೆ ಅದು ಆ ವರ್ಷದ ಭಾಗ್ಯ.

ಮಾಡಿದವರನ್ನೇ ನಗರದ ಗಿರಾಕಿಯ ಮುಂದೆ ತಂದು ಕೂರಿಸಬೇಕು ಎಂಬ ಯೋಚನೆಯ ಬೇರು ಹುಡುಕಿದರೆ ಮಂಗಳೂರಿಗೂ ಬರಬೇಕಾಗುತ್ತದೆ. 1903ರಲ್ಲಿ ಅಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತರು. ಊರೂರು ಸುತ್ತಿ, ಅಳಿವಿನ ಅಂಚಿಗೆ ಬಂದಿದ್ದ ಕೆಲಸಗಳನ್ನೂ ಅವನ್ನು ಬಲ್ಲವರನ್ನೂ ಹುಡುಕಿ ಹೊರತಂದರು. ನಮ್ಮ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ 1964ರಲ್ಲಿ ಹುಟ್ಟಿತು. ‘ಕಾವೇರಿ’ ಮಳಿಗೆಗಳು ಅದರದ್ದೇ. ಹರಿಯಾಣದ ಸೂರಜ್‌ಕುಂಡ್ ಮೇಳ 1987ರಲ್ಲಿ, ದೆಹಲಿಯ ಐಎನ್ಎ ಬಳಿಯ ದಿಲ್ಲಿ ಹಾಟ್ 1994ರಲ್ಲಿ ಶುರುವಾದವು. ಹಳ್ಳಿಯ ಸಂತೆಯನ್ನೇ ಪಟ್ಟಣದ ನಡುವೆ ಕಾಯಂ ಆಗಿ ನಿಲ್ಲಿಸಿದ ದಿಲ್ಲಿ ಹಾಟ್‌ನ ಹಿಂದೆ ಜಯಾ ಜೇಟ್ಲಿ ಅವರ ಶ್ರಮವಿತ್ತು. ಕುಶಲಕರ್ಮಿಗಳಿಗೆ ಹದಿನೈದು ದಿನಗಳಂತೆ ಸರದಿಯಲ್ಲಿ ಮಳಿಗೆ ಕೊಡುವ ಪದ್ಧತಿ ಅಲ್ಲಿನದು. ಒಬ್ಬರೇ ಬೇರು ಬಿಡಬಾರದು, ಎಲ್ಲರಿಗೂ ಪಾಳಿ ಸಿಗಬೇಕು ಎಂಬುದು ಅದರ ತತ್ವ.

ತತ್ವ ಚೆನ್ನಾಗಿದೆ, ನಡೆಯುವುದು ಯಾವಾಗಲೂ ಹಾಗಿಲ್ಲ. ಕುಶಲಕರ್ಮಿಯ ಹೆಸರಿನಲ್ಲಿ ಮಳಿಗೆ ಹಿಡಿದು ವ್ಯಾಪಾರಿಗಳು ಕೂರುವುದು ದೇಶದ ಬಹುತೇಕ ದೊಡ್ಡ ಮೇಳಗಳ ಹಳೆಯ ಕಾಯಿಲೆ. ಪಕ್ಕದ ಮಳಿಗೆಯಲ್ಲಿ ಮಷೀನಿನ ಚೀಲ 300ಕ್ಕೆ ಸಿಗುತ್ತಿದ್ದರೆ ಕೈಕಸೂತಿಯ 1,500ರ ಚೀಲ ದುಬಾರಿ ಅನ್ನಿಸುವುದು ಸಹಜ. ಎರಡರ ಮೇಲೂ ‘ಹ್ಯಾಂಡ್‌ಮೇಡ್’ ಎಂಬ ಒಂದೇ ಬೋರ್ಡು ನೇತಾಡುತ್ತಿರುತ್ತದೆ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗವು ಕುಶಲಕರ್ಮಿಗಳಿಗೆ ‘ಪೆಹಚಾನ್’ ಎಂಬ ಗುರುತಿನ ಚೀಟಿ ಕೊಡುತ್ತದೆ. ಗಾಂಧಿ ಶಿಲ್ಪ ಬಜಾರ್‌ನಂಥ ಸರ್ಕಾರಿ ಮೇಳಗಳಿಗೆ ಹೋಗುವವರಿಗೆ ಅದು ಬೇಕಾಗುತ್ತದೆ. ಆದರೆ ಚೀಟಿ ಪರೀಕ್ಷಿಸುವುದರ ಜೊತೆಗೆ ಸಂಘಟಕರು ಇನ್ನೊಂದನ್ನೂ ಕೇಳಬೇಕು. ಮಳಿಗೆಯಲ್ಲಿ ಕೂತವರು ದಿನಕ್ಕೊಮ್ಮೆಯಾದರೂ ಕೆಲಸ ಮಾಡಿ ತೋರಿಸಲಿ. ಸೂಜಿಯನ್ನೋ ಉಳಿಯನ್ನೋ ಹಿಡಿಯಲು ಬಾರದವರು ಆ ಸುತ್ತಿನಲ್ಲೇ ಹೊರಬೀಳುತ್ತಾರೆ.

ಬಯಲು ಎಂದ ಮೇಲೆ ಬಿಸಿಲು, ಗಾಳಿ, ಇಬ್ಬನಿ ಇದ್ದದ್ದೇ. ಬೆಂಗಳೂರಿನಲ್ಲಿ ಇಂಥ ಮೇಳಗಳು ನವೆಂಬರ್‌ನಿಂದ ಫೆಬ್ರುವರಿ ತನಕ ಹೆಚ್ಚಿರುವುದಕ್ಕೆ ಹವೆಯೇ ಮುಖ್ಯ ಕಾರಣ. ಆದರೂ ಜನವರಿಯ ಮಧ್ಯಾಹ್ನದ ಬಿಸಿಲು ಸಾಧಾರಣವಾದುದಲ್ಲ. ಜಲವರ್ಣದ ಚಿತ್ರ ಬಿಸಿಲಿಗೆ ಒಡ್ಡಿಕೊಂಡರೆ ಬಣ್ಣ ಕಳೆದುಕೊಳ್ಳುತ್ತದೆ, ಬೆಳಗಿನ ತೇವಕ್ಕೆ ಹಾಳೆ ಅಲೆಯಲೆಯಾಗಿ ಉಬ್ಬುತ್ತದೆ. ಚನ್ನಪಟ್ಟಣದವರು ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡದ ಬಣ್ಣ ಬಳಸುವುದುಂಟು. ಅದರಲ್ಲಿ ಅರಿಶಿನ ಬಿಸಿಲನ್ನು ಸ್ವಲ್ಪವೂ ತಡೆಯದು. ಹದಿನೈದು ದಿನದ ಮೇಳದಲ್ಲಿ ಹಳದಿ ಗಿಲಕಿಯ ಒಂದೇ ಮಗ್ಗುಲಿಗೆ ಬಿಸಿಲು ಬಿದ್ದರೆ ಆ ಮಗ್ಗುಲು ಮಂಕಾಗಿ, ಇಡೀ ಗಿಲಕಿ ಹಳೇ ಮಾಲಿನಂತೆ ಕಾಣುತ್ತದೆ. ಅನುಭವಸ್ಥರು ಹಳದಿಯನ್ನು ಒಳಸಾಲಿನಲ್ಲಿಟ್ಟು ಮುಂದಿನ ಸಾಲಿಗೆ ಬೇರೆ ಬಣ್ಣ ಜೋಡಿಸುತ್ತಾರೆ, ಸಾಧ್ಯವಾದರೆ ಮಧ್ಯಾಹ್ನದ ಮೇಲೆ ನೆರಳು ಬೀಳುವ ಬದಿಯ ಮಳಿಗೆ ಕೇಳಿ ಪಡೆಯುತ್ತಾರೆ. ಮಡಕೆ, ಕುಡಿಕೆಯವರ ಕಷ್ಟ ಬೇರೆ. ಮಾರಾಟವಾದ ಮೇಲೂ ಮಾಲು ಮೆಟ್ರೊದಲ್ಲಿ, ಸ್ಕೂಟರಿನಲ್ಲಿ ಒಡೆಯದೆ ಮನೆ ಮುಟ್ಟಬೇಕು. ಒಣಹುಲ್ಲು, ಹಳೇ ಪೇಪರು, ಗಟ್ಟಿ ರಟ್ಟಿನ ಡಬ್ಬ ಮೊದಲೇ ಹೊಂದಿಸಿಟ್ಟವರಿಂದ ಜನ ದೊಡ್ಡ ಮಡಕೆಯನ್ನೂ ಕೊಳ್ಳುತ್ತಾರೆ. ‘ಹೇಗೆ ತಗೊಂಡು ಹೋಗೋದು’ ಎಂದು ಬಿಟ್ಟುಹೋಗುವವರು ಎಷ್ಟೊಂದು ಮಂದಿ!

ಬೆಂಕಿಯನ್ನೂ ಮರೆಯುವಂತಿಲ್ಲ. 2025ರ ಏಪ್ರಿಲ್ 30ರ ರಾತ್ರಿ ದಿಲ್ಲಿ ಹಾಟ್‌ನಲ್ಲಿ ಬೆಂಕಿ ಬಿದ್ದು ಹಲವು ಮಳಿಗೆಗಳು ಮಾಲಿನ ಸಮೇತ ಸುಟ್ಟುಹೋದವು. ಬಟ್ಟೆ, ಬಿದಿರು, ಮರ, ಕಾಗದ ಎಲ್ಲವೂ ಹೊತ್ತಿಕೊಳ್ಳುವಂಥವೇ. ಹಲವು ತಿಂಗಳ ದುಡಿಮೆ ಒಂದೇ ಮಳಿಗೆಯಲ್ಲಿ ಕೂಡಿರುವಾಗ, ಮೇಳದ ಅವಧಿಗೆ ಮಾಲಿಗೆ ವಿಮೆ ಮಾಡಿಸುವ ಹೊಣೆಯನ್ನು ಸಂಘಟಕರೇ ಹೊರಬೇಕು. ಒಬ್ಬೊಬ್ಬ ಕುಶಲಕರ್ಮಿ ಬೇರೆ ಬೇರೆಯಾಗಿ ಅಲೆದು ಮಾಡಿಸಿಕೊಳ್ಳುವ ಕೆಲಸ ಅದಲ್ಲ.

ದುಡ್ಡು ಕೈಬದಲಾಗುವ ರೀತಿ ಕೆಲವೇ ವರ್ಷಗಳಲ್ಲಿ ಪೂರ್ತಿ ಬದಲಾಗಿದೆ. ಚಿಲ್ಲರೆಯ ಜಗಳ ಹೋಗಿ ಕ್ಯೂಆರ್ ಕೋಡ್ ಬಂದಿದೆ. ಜೇಬಿನಲ್ಲಿ ನಗದು ಇಲ್ಲವೆಂದು ಕೊಳ್ಳದೇ ಹೋಗುತ್ತಿದ್ದವರು ಈಗ ಕೊಳ್ಳುತ್ತಾರೆ. ಆದರೆ ಸಾವಿರಾರು ಜನ ಸೇರಿದ ಕಡೆ ನೆಟ್‌ವರ್ಕ್ ಕೈಕೊಡುತ್ತದೆ; ‘ಹೋಯ್ತು’ ಎಂದು ಮೊಬೈಲ್ ತೋರಿಸಿ ಗಿರಾಕಿ ಹೊರಟ ಮೇಲೆ ದುಡ್ಡು ಬಂದಿಲ್ಲವೆಂದು ತಿಳಿಯುವುದುಂಟು. ದುಡ್ಡು ಬಂತೆಂದು ದನಿಯಲ್ಲಿ ಹೇಳುವ ಪೆಟ್ಟಿಗೆ ಇಟ್ಟುಕೊಂಡವರಿಗೆ ಈ ತಾಪತ್ರಯ ಕಮ್ಮಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಚೀಟಿಯನ್ನು ಕಿತ್ತುಹಾಕಿದವು. ಆ ಭಯ ಕರಕುಶಲದವರಿಗೂ ಅಂಟಿತು. ಅವರು ತಿಳಿದಿರಬೇಕಾದ್ದು ಇಷ್ಟು: ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಬೇರೆ ರಾಜ್ಯದ ಮೇಳಕ್ಕೆ ಹೋಗಿ ಕರಕುಶಲ ವಸ್ತು ಮಾರುವವರಿಗೂ 20 ಲಕ್ಷದ ತನಕ ವಿನಾಯಿತಿ ಇದೆ. ಅದಕ್ಕೆ ಪ್ಯಾನ್ ಕಾರ್ಡು ಮತ್ತು ಮಾಲು ಸಾಗಿಸುವಾಗ ಇ-ವೇ ಬಿಲ್ಲು ಇರಬೇಕು. ಕೈ ಉತ್ಪನ್ನಗಳಿಗೆ ತೆರಿಗೆಯೇ ಬೇಡವೆಂದು ಹೆಗ್ಗೋಡಿನ ರಂಗಕರ್ಮಿ ಪ್ರಸನ್ನ ಅವರು 2017ರಲ್ಲಿ ಸತ್ಯಾಗ್ರಹ ಹೂಡಿದ್ದರು. 2025ರ ಸೆಪ್ಟೆಂಬರ್ 22ರಿಂದ ಹಲವು ಕರಕುಶಲ ವಸ್ತುಗಳ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಸೊನ್ನೆಗೆ ಇಳಿಯಬೇಕೆಂಬ ಅವರ ಬೇಡಿಕೆ ನ್ಯಾಯವಾದದ್ದೇ ಎಂದು ನಾನು ನಂಬಿದ್ದೇನೆ.

ಮೇಳಕ್ಕೆ ಮಾರಲು ಬರುವವರಲ್ಲಿ ಹೆಣ್ಣುಮಕ್ಕಳು ಬಹಳ. ಸಂಡೂರಿನ ತಾಂಡಾದಿಂದ ಇಬ್ಬರು ಬಂದಿದ್ದರೆ ಮಳಿಗೆಯಲ್ಲಿ ಒಬ್ಬರು ಕೂತು ಇನ್ನೊಬ್ಬರು ಊಟಕ್ಕೆ ಹೋಗುತ್ತಾರೆ. ಒಬ್ಬರೇ ಬಂದವರು ಮಧ್ಯಾಹ್ನದ ಊಟವನ್ನೇ ಬಿಡುತ್ತಾರೆ, ಶೌಚಾಲಯ ದೂರವಿದ್ದರೆ ನೀರು ಕುಡಿಯುವುದನ್ನೂ ಬಿಡುತ್ತಾರೆ. ರಾತ್ರಿ ಮಾಲು ಬಿಟ್ಟು ಹೋಗಲು ಧೈರ್ಯವಿಲ್ಲದೆ ಮಳಿಗೆಯಲ್ಲೇ ಮಲಗುವವರಿದ್ದಾರೆ. ಉದ್ಘಾಟನೆಯ ವೇದಿಕೆಗೆ, ಹೂವಿನ ಅಲಂಕಾರಕ್ಕೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಹತ್ತಿರದ ಶೌಚಾಲಯಕ್ಕೆ, ರಾತ್ರಿ ಕಾವಲಿಗೆ, ಹೊತ್ತಿಗೆ ಸರಿಯಾಗಿ ಮಳಿಗೆಗೇ ಬರುವ ಊಟಕ್ಕೆ ಹೋಗಬೇಕು. ಮೇಳ ನಿಂತಿರುವುದು ಇವರಿಂದಲೇ.

ವ್ಯಾಪಾರ ಮೇಳದ ದಿನಕ್ಕೇ ಮುಗಿಯುವುದಿಲ್ಲ ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ. ಫೋಟೊ ತೆಗೆದುಕೊಂಡು ‘ಆಮೇಲೆ ಬರ್ತೀನಿ’ ಎಂದು ಹೋದವರು ಅಂದು ಬರುವುದು ಅಪರೂಪ. ಒಂದೇ ದಿನದ ಚಿತ್ರಸಂತೆಯಲ್ಲಂತೂ ಇನ್ನೂ ಅಪರೂಪ. ಅವರ ಕೈಗೆ ಹೆಸರು, ಊರು, ವಾಟ್ಸ್ಆ್ಯಪ್ ನಂಬರಿನ ಚೀಟಿ ಕೊಟ್ಟಿದ್ದರೆ ಎರಡು ತಿಂಗಳ ಮೇಲೆ ಗೃಹಪ್ರವೇಶಕ್ಕೋ ಮದುವೆಯ ಉಡುಗೊರೆಗೋ ಕೇಳಿಕೊಂಡು ಫೋನ್ ಬರುತ್ತದೆ. ಆಗ ‘ಅದೇ ಬೇಕು’ ಎನ್ನುವವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡಬೇಕು: ಅದೇ ನಕ್ಷೆ ಬರುತ್ತದೆ, ಅದೇ ಬಣ್ಣದ ಹದ ಬರುವುದಿಲ್ಲ. ಮುಂಗಡ ಅರ್ಧ ಪಡೆಯದೆ ಸೂಜಿ ಎತ್ತಬಾರದು. ಫೋಟೊದಿಂದ ನಕ್ಷೆ ಕದಿಯುವವರೂ ಇದ್ದಾರೆ, ನಿಜ. ಹಾಗೆಂದು ಎಲ್ಲವನ್ನೂ ಮುಚ್ಚಿಟ್ಟರೆ ಮಾರುವುದು ಹೇಗೆ? ತೀರಾ ಹೊಸ ನಕ್ಷೆಯನ್ನು ಮಾತ್ರ ಒಳಗಿಟ್ಟು, ಆಸಕ್ತಿ ತೋರಿದವರಿಗೆ ಬಿಚ್ಚಿ ತೋರಿಸುವುದು ಹಲವರು ಕಂಡುಕೊಂಡಿರುವ ಉಪಾಯ.

ಬಹು ದಿನದ ಮೇಳಗಳ ಕೊನೆಯ ಸಂಜೆ ಬೇರೊಂದು ಬಗೆಯ ಗಿರಾಕಿ ಬರುತ್ತಾರೆ. ಅವರು ಅಂಗಡಿಕಾರರು. ಉಳಿದದ್ದನ್ನು ಹೊತ್ತುಕೊಂಡು ಹೋಗುವ ಖರ್ಚು, ದಣಿವು ಎಲ್ಲ ಅವರಿಗೆ ಗೊತ್ತು. “ಎಲ್ಲಾ ಸೇರಿಸಿ ಅರ್ಧಕ್ಕೆ ಕೊಟ್ಬಿಡಿ” ಎನ್ನುತ್ತಾರೆ. ಮೇಳಕ್ಕೆ ಹೊರಡುವ ಮೊದಲೇ ಪ್ರತಿ ಸಾಮಾನಿಗೂ ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಎಂಬ ಒಂದು ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟವರಿಗೆ ಆ ಹೊತ್ತಿನಲ್ಲಿ ಬೇಡ ಎನ್ನುವ ಬಲ ಇರುತ್ತದೆ. ಸಾಮಾನಿನ ಖರ್ಚು, ಕೂಲಿ ಎರಡೂ ಸೇರಿದ ಅಂಕಿ ಅದು. ನಮ್ಮ ಚೀಲದ ಲೆಕ್ಕದಲ್ಲಾದರೆ 1,150. ಅದಕ್ಕಿಂತ ಮೇಲೆ ಕೇಳಿದರೆ ಕೊಡಬಹುದು. ಕೆಳಗಾದರೆ ಮಡಿಚಿ ಟ್ರಂಕಿಗೆ ಹಾಕಿ, ಮುಂದಿನ ಮೇಳದ ಅರ್ಜಿ ಯಾವಾಗ ಎಂದು ಸಂಘಟಕರನ್ನು ವಿಚಾರಿಸಿ ಬಸ್ಸು ಹತ್ತುವುದು ಲೇಸು.